ಅಕ್ಕನ ರಾಟಿ ಮತ್ತು ನನ್ನ ರೊಂಡೊ

ನೂರಾ ನಲವತ್ತೆಂಟನೆಯ ಅಂಕಣಕ್ಕೆ ಬಂದು ನಾನು ಇಪ್ಪತ್ತು ದಿನ ನಿಂತುಬಿಟ್ಟಿದ್ದೆ. ಪಿಯಾನೊ ಸಂಗೀತ ಬರೆಯುವ ಹಾಳೆಯಲ್ಲಿ ಉದ್ದಕ್ಕೆ ಐದು ಗೆರೆ ಇರುತ್ತವೆ, ನಡುನಡುವೆ ಅಡ್ಡಗೆರೆ. ಎರಡು ಅಡ್ಡಗೆರೆಗಳ ನಡುವಿನ ಜಾಗವನ್ನು ನಾನು ಮೊದಲಿನಿಂದಲೂ ಅಂಕಣ ಎಂದೇ ಕರೆಯುತ್ತ ಬಂದಿದ್ದೇನೆ. ನೂರಾ ನಲವತ್ತೇಳು ಅಂಕಣ ತುಂಬಿದ್ದವು. ಮುಂದಿನದರಲ್ಲಿ ಮೊದಲಿನ ಮಟ್ಟು ಕೊನೆಯ ಸಲ ಮರಳಿ ಬರಬೇಕಿತ್ತು. ಹಾಳೆಯ ಮೇಲೆ ಬರೆದರೆ ಬರುತ್ತಿತ್ತು. ಬಾರಿಸಿದರೆ ಯಾರೋ ಹಿಂದಿನಿಂದ ದಬ್ಬಿದಂತೆ ಎಡವಿ ಬರುತ್ತಿತ್ತು.

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಪಿಯಾನೊ ಇಲ್ಲ. ಊಟದ ಮೇಜಿನ ಮೇಲೆ ಒಂದು ವಿದ್ಯುತ್ ಕೀಬೋರ್ಡು ಇಟ್ಟುಕೊಂಡು ಬರೆಯುತ್ತೇನೆ. ನನ್ನ ಹೆಂಡತಿಗೆ ಅದರಿಂದ ಬೇಸರ. ಊಟದ ಹೊತ್ತಿಗೆ ಅದನ್ನು ಎತ್ತಿಡಬೇಕು.

"ಒಂದ ಹಾಡು ಎಷ್ಟ ಸಲ ಬಾರಸ್ತೀರಿ?" ಎಂದು ಒಂದು ದಿನ ಕೇಳಿದಳು.

"ಅದು ಇರೂದ ಹಂಗ. ತಿರುಗಿ ತಿರುಗಿ ಬರಬೇಕು."

"ಮತ್ತ ಬರಾಕ ಬಿಡ್ರಿ. ಬಾಗಲದಾಗ ನಿಂದರಿಸಿ ಯಾಕ ವಿಚಾರಣಿ ಮಾಡಾಕತ್ತೀರಿ?"

ಅವಳಿಗೆ ಗೊತ್ತಿರಲಿಲ್ಲ. ಆ ಮಟ್ಟು ನನ್ನದಲ್ಲ. ಐವತ್ತು ವರ್ಷಗಳ ಹಿಂದೆ ಅದನ್ನು ನಾನು ಕದ್ದೆ. ಕದ್ದದ್ದನ್ನು ಮುಚ್ಚಿಕೊಳ್ಳಲು ಅದಕ್ಕಿಂತ ಕೆಟ್ಟದ್ದೊಂದನ್ನು ಮಾಡಿದೆ. ಅದನ್ನು ಹೇಳಿ ಹಗುರಾಗಬೇಕೆಂದು ಇದನ್ನು ಬರೆಯಲು ಕುಳಿತೆ. ಆದರೆ ಈಗ ಏನು ಕದ್ದೆ, ಎಷ್ಟು ಕದ್ದೆ ಎನ್ನುವುದೇ ನನಗೆ ತಿಳಿಯದಂತಾಗಿದೆ. ತಪ್ಪು ಮಾಡಿದ್ದು ಮಾತ್ರ ಖಂಡಿತ.

ನಾನು ಇಳಕಲ್ಲಿನ ನೇಕಾರರ ಮನೆಯವನು. ಹತ್ತನೆಯ ತರಗತಿ ಪಾಸಾದ ಮೇಲೆ ಅಪ್ಪ ನನ್ನನ್ನು ಗುಳೇದಗುಡ್ಡದ ದೊಡ್ಡವ್ವನ ಮನೆಗೆ ಕಳಿಸಿದ. ಸೀರೆ ನೇಯುವುದು ಕೈಗೆ ಹತ್ತಿತ್ತು. ಕುಪ್ಪಸದ ಖಣ ನೇಯುವುದನ್ನೂ ಕಲಿಯಲಿ ಎಂದು ಅವನ ಎಣಿಕೆ. ದೊಡ್ಡವ್ವನ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ದೊಡ್ಡಪ್ಪ, ಇನ್ನೊಂದರಲ್ಲಿ ನಾನು. ಪಡಸಾಲೆಯಲ್ಲಿ ಅವರ ಮಗಳು ರಾಟಿ ತಿರುಗಿಸಿ ನಮ್ಮಿಬ್ಬರಿಗೂ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸಣ್ಣ ಕೊಳವೆಯೇ ಕಂಡಿಕೆ. ಅವಳು ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನನಗೆ ಒಡಹುಟ್ಟಿದವರಿಲ್ಲ, ಅಕ್ಕ ಎಂದರೆ ಅವಳೇ.

ಎರಡು ಓಣಿ ದಾಟಿದರೆ ಹಳೆಯ ಮಿಶನ್ ಬಂಗಲೆ. ಅಲ್ಲಿ ಸಾಲೆಯಿಂದ ನಿವೃತ್ತರಾದ ಟೀಚರ್ ಒಬ್ಬರೇ ಇದ್ದರು. ಹುಟ್ಟಾ ಗುಳೇದಗುಡ್ಡದವರು, ಚಿಕ್ಕಂದಿನಲ್ಲಿ ಪರದೇಶದ ಮಿಶನರಿ ಹೆಂಗಸೊಬ್ಬರಿಂದ ಪಿಯಾನೊ ಕಲಿತವರು. ಒಂದು ಮಧ್ಯಾಹ್ನ ಅವರಿಗೆ ಖಣದ ಗಂಟು ಕೊಡಲು ಹೋದವನು ಅವರು ಬಾರಿಸುವುದನ್ನು ಕೇಳಿ ಅಲ್ಲೇ ಬಾಗಿಲಲ್ಲಿ ಕುಳಿತೆ. ಎಡಗೈ ಹರಿಯುವ ನೀರಿನಂತೆ ಒಂದೇ ಸಮ ಓಡುತ್ತಿತ್ತು. ಬಲಗೈ ಅದರ ಮೇಲೆ ಹಾಡುತ್ತಿತ್ತು. ಹಾಡು ಸಂತೋಷವಾಗಿಯೇ ಹೊರಟು, ನಡುವೆ ಏನೋ ನೆನಪಾದವರಂತೆ ಮುಖ ಬಾಡಿಸಿಕೊಂಡು, ಮತ್ತೆ ಸಾವರಿಸಿಕೊಳ್ಳುತ್ತಿತ್ತು. ಇನ್ನೂರು ವರ್ಷದ ಹಿಂದೆ ಜರ್ಮನ್ ನಾಡಿನಲ್ಲಿ ಹೀಗೆ ಬರೆಯುತ್ತಿದ್ದರು ಎಂದು ಅವರು ಆಮೇಲೆ ಹೇಳಿದರು. ನನಗೆ ಜರ್ಮನಿ ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ. ಮೂರು ವರ್ಷ, ಮಗ್ಗದ ಕೆಲಸ ಮುಗಿಸಿ, ಅವರಲ್ಲಿಗೆ ಹೋಗಿ ಕಲಿತೆ.

ರೊಂಡೊ ಎಂದರೇನು ಎಂದು ಅವರು ತಿಳಿಸಿ ಹೇಳಿದ ದಿನ ನೆನಪಿದೆ. ಮೊದಲು ಒಂದು ಮಟ್ಟು ಬರುತ್ತದೆ. ಆಮೇಲೆ ಬೇರೆ ಏನೋ. ಮತ್ತೆ ಮೊದಲಿನ ಮಟ್ಟು. ಮತ್ತೆ ಬೇರೆ. ಮತ್ತೆ ಅದೇ.

"ತಿಳೀತ್ರಿ ಟೀಚರ್. ಖಣದ ಹೂವಿದ್ದಂಗ," ಎಂದೆ.

"ಅಲ್ಲೋ. ಖಣದಾಗ ಹತ್ತನೇ ಹೂವೂ ಮೊದಲನೇ ಹೂವಿನಂಗ ಇರ್ತೈತಿ. ಇದರಾಗ ಮಟ್ಟು ಪರಊರಿಗೆ ಹೋಗಿ ಬಂದಂಗ ಬರಬೇಕು. ಮನಷ್ಯಾ ಅವನ, ಆದರ ಬಿಸಲಿಗೆ ಮಾರಿ ಕಪ್ಪಾಗಿರಬೇಕು."

ಆಮೇಲೆ ಅವರು, "ನೀ ಒಂದು ಬರಿ. ಮೊದಲ ಮಟ್ಟು ತಾ. ನಿನ್ನ ಸ್ವಂತದ್ದ ಇರಬೇಕು," ಎಂದರು.

ಒಂದು ತಿಂಗಳು ಒದ್ದಾಡಿದೆ. ನನಗೆ ಹೊಳೆದದ್ದೆಲ್ಲ ಅವರ ಪುಸ್ತಕದಲ್ಲಿ ಆಗಲೇ ಇದ್ದದ್ದು. ಕಡೆಗೆ ಒಂದು ದಿನ ಮಗ್ಗ ನಿಲ್ಲಿಸಿ ಕೂತಾಗ ಪಡಸಾಲೆಯಿಂದ ಅಕ್ಕನ ದನಿ ಕಿವಿಗೆ ಬಿತ್ತು. ಅವಳು ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು. ದಿನಾ ಗುನುಗುತ್ತಿದ್ದಳು, ಮಗ್ಗದ ಸದ್ದಿನಲ್ಲಿ ನಾನು ಕಿವಿಗೊಟ್ಟಿರಲಿಲ್ಲ. ಅದಕ್ಕೆ ಮಾತಿಲ್ಲ. ಮದುವೆ ಹಾಡಲ್ಲ, ಬೀಸುವ ಹಾಡಲ್ಲ, ಭಜನೆಯದೂ ಅಲ್ಲ. ನಾಲ್ಕು ಸಾಲಿನಷ್ಟು ಮಟ್ಟು. ಮೂರನೆಯ ಸಾಲಿನಲ್ಲಿ ಮೇಲಕ್ಕೆ ಏರಿ, ಇನ್ನೇನು ಇಳಿಯಬೇಕು ಎನ್ನುವಾಗ ಗಕ್ಕನೆ ನಿಲ್ಲುತ್ತಿತ್ತು. ಉಸಿರು ಕಟ್ಟಿದಂತೆ ಒಂದು ಗಳಿಗೆ. ಆಮೇಲೆ ಏನೂ ಆಗದವರಂತೆ ಕೆಳಗಿಳಿಯುತ್ತಿತ್ತು. ಖಣದ ಲೆಕ್ಕ ಬರೆಯುವ ಚೀಟಿಯ ಹಿಂಬದಿಗೆ ಅದನ್ನು ಬರೆದುಕೊಂಡೆ. ನಿಂತ ಜಾಗದಲ್ಲಿ ಟೀಚರ್ ಕಲಿಸಿದ್ದ ಗುರುತು ಹಾಕಿದೆ: ಅರ್ಧ ಚಂದ್ರ, ಒಳಗೆ ಚುಕ್ಕೆ.

ಟೀಚರ್ ಅದನ್ನು ಬಾರಿಸಿದರು. ನಿಲುಗಡೆಯ ಜಾಗಕ್ಕೆ ಬಂದು ಕೈ ಎತ್ತಿ, ನನ್ನ ಕಡೆ ತಿರುಗಿ, ಬಹಳ ಹೊತ್ತು ನೋಡಿದರು.

"ಇದು ಕಲಿಸಿದ್ರ ಬರೂದಲ್ಲ. ಇದು ನಿಂದ ಏನೋ?"

"ನಂದ ರೀ," ಎಂದೆ.

ಅಲ್ಲಿಗೆ ನಿಂತಿದ್ದರೆ ಒಂದು ಸುಳ್ಳು ಅಷ್ಟೇ. ಮುಂದಿನ ಮೂರು ತಿಂಗಳು ಟೀಚರ್ ನನ್ನ ಜೊತೆ ಕೂತು ಆ ಮಟ್ಟಿನ ಸುತ್ತ ರೊಂಡೊ ಕಟ್ಟಿಸಿದರು. ಪಿಯಾನೊಕ್ಕೆ, ಜೊತೆಗೆ ಎರಡು ಪಿಟೀಲಿಗೆ. ಅರ್ಧ ಆದಾಗ ಒಂದು ಭಾನುವಾರ ಮಧ್ಯಾಹ್ನ ಓಣಿಯವರನ್ನೆಲ್ಲ ಬಂಗಲೆಗೆ ಕರೆದರು. ದೊಡ್ಡಪ್ಪ, ದೊಡ್ಡವ್ವ, ಅಕ್ಕ, ನೆರೆಮನೆಯವರು, ಹದಿನೈದು ಮಂದಿ ಚಾಪೆಯ ಮೇಲೆ. ನಾನು ಬಾರಿಸಿದೆ. ಮಟ್ಟು ಎರಡನೆಯ ಸಲ ಬಂದಾಗ ಅಕ್ಕ ಕುಳಿತಲ್ಲಿಂದಲೇ ಚಪ್ಪಾಳೆ ತಟ್ಟಿ ಕೂಗಿದಳು.

"ಯವ್ವಾ! ಇದು ನಂದ ಐತಲ್ಲ! ನಾ ರಾಟಿ ಮುಂದ ಹಾಡ ಅಂತೇನಲ್ಲ, ಅದ!"

ಅವಳ ದನಿಯಲ್ಲಿ ದೂರು ಇರಲಿಲ್ಲ. ಜಾತ್ರೆಯಲ್ಲಿ ಪರಿಚಯದವರು ಸಿಕ್ಕಷ್ಟು ಸಂತೋಷ ಇತ್ತು. ಟೀಚರ್ ನನ್ನನ್ನು ನೋಡಿದರು. "ಖರೇನೋ?" ಎಂದರು.

"ರಾಟಿ ಮುಂದ ಕುಂತಾಕಿಗೆ ಇಂಥಾದು ಎಲ್ಲಿಂದ ಬರಬೇಕ್ರಿ ಟೀಚರ್," ಎಂದೆ. "ನಾ ಬಾರ್ಸೂದು ಕೇಳಿ ಕಲ್ತಾಳ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು ಎಂದು ನನ್ನ ನೆನಪು. ಮರುದಿನದಿಂದ ಪಡಸಾಲೆಯಲ್ಲಿ ರಾಟಿಯ ಸದ್ದು ಮಾತ್ರ ಕೇಳುತ್ತಿತ್ತು.

ರೊಂಡೊ ಅರ್ಧಕ್ಕೇ ಉಳಿಯಿತು. ಅಕ್ಕನಿಗೆ ಹುನಗುಂದದ ಕಡೆ ಮದುವೆಯಾಯಿತು. ಟೀಚರ್ ಮುಪ್ಪಿನಲ್ಲಿ ಬಾದಾಮಿಯಲ್ಲಿದ್ದ ತಂಗಿಯ ಮಗಳ ಮನೆ ಸೇರಿದರು. ಪಿಯಾನೊವನ್ನು ಬಾಗಲಕೋಟೆಯ ಒಂದು ಸಾಲೆಗೆ ಕೊಟ್ಟರು; ಅದನ್ನು ಬಾರಿಸಲು ಯಾರಾದರೂ ಬೇಕಲ್ಲ ಎಂದು ಆ ಸಾಲೆಯವರು ನನ್ನನ್ನೂ ತೆಗೆದುಕೊಂಡರು. ಹೀಗೆ ನಾನು ನೇಕಾರಿಕೆ ಬಿಟ್ಟು ಸಂಗೀತದ ಮಾಸ್ತರನಾದೆ. ನನ್ನ ಅನ್ನ ಆ ಸುಳ್ಳಿನಿಂದಲೇ ಹುಟ್ಟಿತೋ, ಸುಳ್ಳಿಲ್ಲದೆಯೂ ಹುಟ್ಟುತ್ತಿತ್ತೋ, ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಒಮ್ಮೆ ಬಾದಾಮಿಗೆ ಹೋಗಿ ಟೀಚರನ್ನು ಕಂಡೆ. ಕಣ್ಣು ಪೂರ್ತಿ ಹೋಗಿತ್ತು. "ಆ ನಿಲ್ಲೂ ಜಾಗಾ ಇನ್ನೂ ನನ್ನ ಕಿವ್ಯಾಗ ಐತಿ ನೋಡು. ಮುಗಿಸಿದೇನು?" ಎಂದು ಕೇಳಿದರು. ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. "ಮುಗಸ್ತೇನ್ರಿ," ಎಂದು ಹೇಳಿ ಬಂದೆ. ಅದೇ ಕಡೆಯ ಭೇಟಿ.

ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರು ಅರ್ಧ ಮುಳುಗಿದಾಗ ಸಾಲೆ ನವನಗರಕ್ಕೆ ಬಂತು. ಪಿಯಾನೊ ಲಾರಿಯಲ್ಲಿ ಬಂತು. ಒಳಗೆ ತಂತಿಗೆ ಬಡಿಯುವ ಸುತ್ತಿಗೆಗಳ ಮೇಲಿನ ಉಣ್ಣೆಯ ತುಂಡುಗಳನ್ನು ಹುಳ ತಿಂದಿದ್ದವು. ಕುರಿಗಾರರಿಂದ ಹಳೆಯ ಕಂಬಳಿ ತಂದು ಕತ್ತರಿಸಿ ಅಂಟಿಸಿದೆ. ಇಂದಿಗೂ ಅದರ ದನಿ ಸ್ವಲ್ಪ ಗೊಗ್ಗರು.

ಈಗ ಆ ಸಾಲೆಯಲ್ಲಿ ಪಿಟೀಲು ಕಲಿಸುವ ಮೇಡಂ ಒಬ್ಬರಿದ್ದಾರೆ. ಮೂವತ್ತರ ಆಸುಪಾಸು, ಮಾತು ಚುರುಕು. ಹೋದ ವರ್ಷ ಕಪಾಟು ಸ್ವಚ್ಛ ಮಾಡುವಾಗ ರೊಂಡೊ ಬರೆದಿಟ್ಟಿದ್ದ ನನ್ನ ಹಳೆಯ ವಹಿ ಸಿಕ್ಕಿತಂತೆ. ಅದನ್ನು ಹಿಡಿದುಕೊಂಡು ಮನೆಗೇ ಬಂದರು.

"ಸರ್, ಈ ಮೂರನೇ ಸಾಲಿನಾಗ ನಿಲ್ಲೂದು ಐತಲ್ರಿ, ಇದು ಹೆಂಗ ಹೊಳೀತ್ರಿ ನಿಮಗ? ಮೂರ ದಿನ ಆತು, ತಲ್ಯಾಗಿಂದ ಹೋಗವಲ್ದು."

ನಾನು ನಕ್ಕು ವಹಿಯ ಹಾಳೆ ಮಗುಚಿದೆ. ಅವರು ಇದನ್ನು ಮುಗಿಸಲೇಬೇಕೆಂದು ಹಟ ಹಿಡಿದರು. ಧಾರವಾಡದಿಂದ ಮೂವರನ್ನು ಕರೆಸುತ್ತೇನೆ, ಎರಡು ಪಿಟೀಲು, ಅದಕ್ಕಿಂತ ದಪ್ಪ ದನಿಯ ವಿಯೋಲಾ ಒಂದು, ನೆಲಕ್ಕೆ ಊರಿ ಬಾರಿಸುವ ಚೆಲ್ಲೊ ಒಂದು, ಪಿಯಾನೊಕ್ಕೆ ನೀವು, ಸಾಲೆಯ ಸಭಾಗೃಹದಲ್ಲಿ ಮಾಡೋಣ ಎಂದರು. ಎಪ್ಪತ್ತು ದಾಟಿದ ಮೇಲೆ ಹೊಗಳಿಕೆಗೆ ಮನಸ್ಸು ಇನ್ನೂ ಬೇಗ ಕರಗುತ್ತದೆ. ಒಪ್ಪಿಕೊಂಡೆ.

ಮೊದಲಿನ ದಿನಗಳು ಚೆನ್ನಾಗಿಯೇ ಹೋದವು. ಪಿಯಾನೊದ ಎಡಗೈಗೆ ರಾಟಿಯ ಗತಿ ಕೊಟ್ಟೆ. ಚೆಲ್ಲೊಕ್ಕೆ ಒಂದೇ ಸ್ವರ ಉದ್ದಕ್ಕೆ ಹಿಡಿದು ನಿಲ್ಲುವ ಕೆಲಸ. ನಡುವಿನ ಭಾಗ ಮೇಜರ್ ಎನ್ನುವ ಉಲ್ಲಾಸದ ಸ್ವರಗಳಲ್ಲಿ, ಸ್ವಲ್ಪ ಕುಣಿತ, ಸ್ವಲ್ಪ ಠೇಂಕಾರ. ಅದು ಹಳೆಯ ವಹಿಯಲ್ಲೇ ಇತ್ತು. ಇದಂತೂ ಪೂರ್ತಿ ನನ್ನದು ಎಂದು ಸಮಾಧಾನಪಟ್ಟುಕೊಂಡು ಅದನ್ನು ಪಿಟೀಲುಗಳಿಗೆ ಹಂಚಿದೆ. ಆಮೇಲೆ ಬಂತು ನೂರಾ ನಲವತ್ತೆಂಟನೆಯ ಅಂಕಣ.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಳ್ಳೆಯ ಕೊಂಡಿ ಕಣ್ಣಿಗೆ ಕಾಣಬಾರದು, ಬೆರಳಿಗೂ ಸಿಗಬಾರದು. ನಾನು ಸಂಗೀತ ಬರೆಯುವುದೂ ಹಾಗೆಯೇ. ಒಂದು ಭಾಗದ ತುದಿಯನ್ನು ಇನ್ನೊಂದರ ತುದಿಗೆ ಕಾಣದಂತೆ ಕೂಡಿಸುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಕೊನೆಯ ಕೊಂಡಿ ಮಾತ್ರ ಎಷ್ಟು ಸಲ ಹಾಕಿದರೂ ಕಾಣುತ್ತಿತ್ತು. ಕೆಟ್ಟದ್ದೆಂದರೆ, ಹಳೆಯ ಮಟ್ಟನ್ನೇ ನೋಡುತ್ತ ನೋಡುತ್ತ, ಅಕ್ಕ ಗುನುಗಿದ್ದು ಎಲ್ಲಿಗೆ ಮುಗಿಯಿತು, ನಾನು ತಿದ್ದಿದ್ದು ಎಲ್ಲಿಂದ ಶುರುವಾಯಿತು ಎನ್ನುವುದು ಗೊತ್ತಾಗದೆ ಹೋಯಿತು. ನಾಲ್ಕನೆಯ ಸಾಲು ಅವಳದೋ ನನ್ನದೋ? ಕೆಲವು ದಿನ ಎಲ್ಲವೂ ಅವಳದು ಎನಿಸುತ್ತಿತ್ತು. ಕೆಲವು ದಿನ, ಅವಳು ನಿಜವಾಗಿ ನನ್ನನ್ನು ಕೇಳಿಯೇ ಕಲಿತಿರಬಹುದಲ್ಲ ಎಂದೂ ಎನಿಸಿ, ಆ ಯೋಚನೆಗೆ ನನಗೇ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಮೇಡಂ ಫೋನ್ ಮಾಡಿದರು. "ಸರ್, ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡಬೇಕು. ರಚನೆ ಅಂತ ಹಾಕಿ ಮುಂದ ನಿಮ್ಮ ಹೆಸರು, ಸಾಕಲ್ರಿ?"

"ನಾಲ್ಕ ದಿನ ತಡೀರಿ," ಎಂದೆ. ಮರುದಿನ ಬೆಳಿಗ್ಗೆ ಹುನಗುಂದದ ಬಸ್ಸು ಹತ್ತಿದೆ.

ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಏನಪಾ ತಮ್ಮಾ, ಯಾರರ ಹ್ವಾದ್ರೇನು?"

"ಯಾರೂ ಹೋಗಿಲ್ಲಕ್ಕಾ. ಸುಮ್ನ ಬಂದೆ."

"ನೀ ಬರೂದಂದ್ರ ಮದವಿ ಇರಬೇಕು, ಇಲ್ಲಾ ಮಣ್ಣಿರಬೇಕು. ಕುಂದ್ರು. ಶೇಂಗಾ ಸುಲಿ, ಖಾಲಿ ಕೈಲೆ ಕುಂದರಬ್ಯಾಡ."

ಸುಲಿಯುತ್ತಲೇ ಹೇಳಿದೆ. ಗುಳೇದಗುಡ್ಡದ ಮಟ್ಟು ನಿನ್ನದು, ನಾನು ನನ್ನದೆಂದು ಹೇಳಿದೆ, ತಪ್ಪಾಯಿತು, ಈಗ ಅದನ್ನು ಮಂದಿಯ ಮುಂದೆ ಬಾರಿಸುವುದಿದೆ, ನಿನ್ನ ಹೆಸರು ಹಾಕಿಸುತ್ತೇನೆ ಎಂದೆ. ಐವತ್ತು ವರ್ಷ ಗಂಟಲಲ್ಲಿದ್ದ ಮಾತು ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಮುಗಿದುಹೋಯಿತು.

"ಕೇಳಸು ನೋಡೂನು," ಎಂದಳು.

ಹಿಂದಿನ ವಾರದ ತಾಲೀಮನ್ನು ಮೇಡಂ ಫೋನಿನಲ್ಲಿ ಹಿಡಿದು ಕಳಿಸಿದ್ದರು. ಅಕ್ಕನಿಗೆ ಎಡಗಿವಿ ಮಂದ. ಫೋನನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಇಷ್ಟ ಮಂದಿ ಯಾಕ ಅಳಾಕತ್ತಾರಪಾ?"

"ಅಳಾಕತ್ತಿಲ್ಲ. ಪಿಟೀಲು."

"ಹ್ಞಾಂ." ಸ್ವಲ್ಪ ಹೊತ್ತು ಕೇಳಿದಳು. ಮುಖ ಗಂಟಿಕ್ಕಿತು. "ಇಲ್ಲಿ ಯಾಕ ನಿಂತ್ರು?"

"ಅಲ್ಲಿ ನೀ ನಿಲ್ಲತಿದ್ದಿ ಅಕ್ಕಾ. ಅದ ಇದರ ಜೀವ. ಕೇಳಿದಾವರೆಲ್ಲ ಅದನ್ನ ಹೊಗಳ್ತಾರ."

"ನಾ ಯಾಕ ನಿಲ್ಲಲೋ? ಹುರಿ ಸಿಕ್ಕೊಂತಿತ್ತು!"

ನನಗೆ ತಿಳಿಯಲಿಲ್ಲ. ಅವಳು ಫೋನನ್ನು ಮೊರದಲ್ಲಿಟ್ಟು, ಬಲಗೈಯಿಂದ ಗಾಳಿಯಲ್ಲಿ ರಾಟಿ ತಿರುಗಿಸಿ ತೋರಿಸಿದಳು.

"ರಾಟಿ ಹುರಿ ಹರದಿತ್ತಲ್ಲ, ಮರತಿ? ಹೊಸಾದ ಹಾಕೂನಂದ್ರ ಅಪ್ಪ ಬ್ಯಾಡಂದ. ನೀ ಬಂದಿ, ದೊಡ್ಡ ಇಳಕಲ್ಲಿನ್ಯಾವ, ಕಾಣಲಾರದ್ಹಂಗ ಕೊಂಡಿ ಹಾಕ್ತೇನಿ ಅಂದಿ. ಹಾಕಿದ್ದು ಈ ಶೇಂಗಾ ಕಾಳಿನಷ್ಟು ಗಂಟು. ಅದು ಕದರಿಗೆ ಬಂದಾಗೊಮ್ಮೆ, ಹಾಡು ಏರೂ ಹೊತ್ತಿಗೇ, ಸಿಕ್ಕೊಂಡು ಜಿಗೀತಿತ್ತು. ಎಳಿ ಹರದೀತಂತ ನಾ ಕೈ ತಡದು, ಉಸರ ಹಿಡದು, ದಾಟಿಸಿ ಮತ್ತ ತಿರುವತಿದ್ನಿ. ಹಾಡಿನಾಗ ಎಲ್ಲಿ ನಿಲ್ಲೂದೈತಿ?"

ರಾಟಿಯ ಚಕ್ರದಿಂದ ಹೋಗಿ, ಕಂಡಿಕೆ ಸುತ್ತುವ ಕದಿರನ್ನು ತಿರುಗಿಸುವ ಆ ಹುರಿ ಹರಿದದ್ದು ನೆನಪಾಯಿತು. ಗಂಟು ಹಾಕಿದ್ದು ಅರೆಬರೆ ನೆನಪಾಯಿತು. ಸಾದಾ ಹುರಿಯ ಎರಡು ತುದಿಗೆ ಯಾರೂ ಕೊಂಡಿ ಹಾಕುವುದಿಲ್ಲ; ನಾಲ್ಕು ಮಂದಿಯಲ್ಲಿ ಜಾಣನೆನಿಸಿಕೊಳ್ಳಲು ಹಾಕಿದ್ದೆ. ಟೀಚರ್ ಕೈ ಎತ್ತಿ ನನ್ನನ್ನು ನೋಡಿದ್ದು, ಮೇಡಂ ಮೂರು ದಿನ ತಲೆಯಲ್ಲಿ ಹೊತ್ತು ತಿರುಗಿದ್ದು, ಎಲ್ಲ ನನ್ನ ಒಂದು ಕೆಟ್ಟ ಗಂಟಿಗೆ.

"ಹಂಗಾರ ಆ ನಿಲ್ಲೂದು ನಂದೇನಕ್ಕಾ?"

"ಅದನ್ನ ನನ್ನ ಕೇಳ್ತಿಯಾ?" ಎಂದು ನಕ್ಕಳು. ಫೋನನ್ನು ಮತ್ತೆ ಕಿವಿಗೆ ಹಿಡಿದಳು. ನಡುವಿನ ಭಾಗ ಬಂದಿರಬೇಕು; ಅವಳ ತೋಳು ಅಲ್ಲಾಡತೊಡಗಿತು. "ಅಯ್ಯ, ಇದನ್ನೂ ಬರಕೊಂಡಿಯೇನು!"

"ಅದು ನಂದು," ಎಂದೆ. "ಅದಂತೂ ಪೂರಾ ನಂದು."

"ಎಲ್ಲೀದು ನಿಂದು? ಬಂಗಲೇದಾಗ ಎಲ್ಲಾ ಆದ ಮರುವಾರ ಬಂದಿ. ಯಕ್ಕಾ, ಇನ್ನೊಂದು ಯಾವುದರ ಹಾಡು ಅನ್ನು, ನಡುವ ಹಾಕಾಕ ಬೇಕು ಅಂದಿ. ಸಿಟ್ಟು ತಲಿಗೇರಿತ್ತು ನಂಗ. ನೀ ಎದಿ ಸೆಟಿಸಿ ಬಂಗಲೀಗೆ ಹೋಗೂದನ್ನ ಅಣಕಿಸಿ ಅಂದ್ನಿ. ಆ ಮಬ್ಬ ಅದನ್ನೂ ಚೀಟಿ ಮ್ಯಾಲ ಬರಕೊಂಡು ಹ್ವಾದ, ಅಂತ ಅವ್ವನ ಮುಂದ ಹೇಳಿ ನಕ್ಕಿದ್ನಿ."

ಆ ದಿನ ನನಗೆ ನೆನಪೇ ಇಲ್ಲ. ಹಾಗೆ ಹೋಗಿ ಕೇಳಿದ್ದು ಕನಸಿನಲ್ಲೂ ಬಂದಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಆದರೆ ಮರೆಯುವ ವಯಸ್ಸು ಅವಳದೂ ಹೌದು. ನಾನು ಶೇಂಗಾ ಸಿಪ್ಪೆಯನ್ನು ಕಾಳಿನ ಮೊರಕ್ಕೆ ಹಾಕುತ್ತಿದ್ದೆನಂತೆ. ಅವಳು ನನ್ನ ಕೈಗೆ ಮೆಲ್ಲಗೆ ಹೊಡೆದು ಮೊರವನ್ನು ತನ್ನ ಕಡೆ ಎಳೆದುಕೊಂಡಳು.

"ಮಟ್ಟು ಬಿಡು," ಎಂದಳು. "ಅವತ್ತ ಅಂದಿದ್ದು ನೆನಪೈತೇನು?"

"ಐತಿ. ರಾಟಿ ಮುಂದ ಕುಂತಾಕಿಗೆ ಇಂಥಾದು ಎಲ್ಲಿಂದ ಬರಬೇಕು, ನನ್ನ ಕೇಳಿ ಕಲ್ತಾಳ ಅಂದ್ನಿ."

"ಆಮ್ಯಾಲೆ?"

"ಅಷ್ಟ."

"ಅರ್ಧಾ ನುಂಗಿದಿ." ಅವಳ ಕೈ ಮೊದಲ ಸಲ ನಿಂತಿತು. "ಆಕಿ ಬಾಯಿಂದ ಬರೂದು ರಾಟಿ ಕಿರಿಕಿರಿ ಒಂದ ರೀ, ಎಣ್ಣಿ ಬಿಟ್ರ ಅದೂ ನಿಲ್ಲತೈತಿ, ಅಂದಿ. ಅದಕ್ಕ ನಕ್ಕರು ಮಂದಿ. ನಮ್ಮಪ್ಪನೂ ನಕ್ಕ. ಮರುದಿನದಿಂದ ಮನ್ಯಾಗ ನಾ ಬಾಯಿ ತೆರದ್ರ ಸಾಕು, ಎಣ್ಣಿ ಬಿಡ್ರಿ ಅನ್ನಾವರು. ಗಂಡನ ಮನೀಗೆ ಬಂದ್ನಿ, ಯಾವಾಕೋ ನಮ್ಮೂರಾಕಿ ಆ ಮಾತ ಇಲ್ಲಿಗೂ ತಂದಳು. ತೊಟ್ಟಲಾ ತೂಗುವಾಗ ಜೋಗುಳಾ ಅಂದ್ರ ಅತ್ತಿ ಎಣ್ಣಿ ಬಿಡ್ರಿ ಅಂದಳು. ನನ್ನ ಮಕ್ಕಳಿಗೆ ನಾ ಹಾಡಿಲ್ಲೋ ತಮ್ಮಾ."

ಕದ್ದ ಮಟ್ಟನ್ನು ನಾನು ಐವತ್ತು ವರ್ಷ ಎಣಿಸಿಕೊಂಡು ಕೂತಿದ್ದೆ. ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ಅವಳ ಮನೆಗೆ ತಿರುಗಿ ತಿರುಗಿ ಬಂದದ್ದು ನಾನು ಮರೆತುಬಿಟ್ಟ ಮಾತು.

"ಏನ ಮಾಡಲಿ ಹೇಳು," ಎಂದೆ.

"ಹೆಸರ ಹಾಕಬ್ಯಾಡ. ಹೆಸರ ತಗೊಂಡು ಏನ ಮಾಡ್ಲಿ? ಅವತ್ತ ಅಂದಿದ್ದನ್ನ ಮತ್ತ ಮಂದ್ಯಾಗ ನಿಂತು ಅನ್ನು. ಪೂರಾ ಅನ್ನು, ಅರ್ಧಾ ನುಂಗಬ್ಯಾಡ. ಆಮ್ಯಾಲೆ ಅದು ಸುಳ್ಳಂತ ಹೇಳು. ನಾ ಬಂದು ಮುಂದ ಕುಂದರ್ತೇನಿ."

ಮನೆಗೆ ಬಂದು ಕೊನೆಯ ಕೊಂಡಿ ಬಿಚ್ಚಿಹಾಕಿದೆ. ಮಟ್ಟು ಮರಳಿ ಬರುವಲ್ಲಿ ಮರೆಮಾಚುವುದೇನೂ ಬೇಡ, ಐದೂ ವಾದ್ಯ ಸುಮ್ಮನಾಗಲಿ, ಮಟ್ಟು ಪಿಯಾನೊದಲ್ಲಿ ಒಂಟಿಯಾಗಿ ಬರಲಿ, ಇಳಿಯುವಾಗ ಉಳಿದ ನಾಲ್ಕು ಸೇರಲಿ ಎಂದು ಬರೆದೆ. ಮೂರನೆಯ ಸಾಲಿನ ನಿಲುಗಡೆಯ ಬಗ್ಗೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಅದನ್ನು ಅಳಿಸಿದರೆ ಅಕ್ಕನ ಮಟ್ಟು ಅವಳು ಗುನುಗಿದಂತೆ ಸರಾಗವಾಗುತ್ತದೆ. ಆದರೆ ಟೀಚರ್ ಕಿವಿಯಲ್ಲಿ ಉಳಿದದ್ದು ಆ ನಿಲುಗಡೆಯೇ. ಅಳಿಸಿದೆ, ಹಾಕಿದೆ, ಅಳಿಸಿದೆ. ಹಾಳೆಗೆ ತೂತು ಬಿತ್ತು.

"ಸರ್, ಮೂರು ನಮೂನಿ ಬರದೀರಿ," ಎಂದರು ಮೇಡಂ. "ಇದರಾಗ ಖರೇದು ಯಾವುದ್ರಿ?"

"ಗೊತ್ತಿಲ್ಲವ್ವಾ."

"ನಿಮಗ ಗೊತ್ತಿಲ್ಲಂದ್ರ ನಾವು ಎಲ್ಲಿ ನಿಲ್ಲೂದ್ರಿ?"

"ನನ್ನ ಕೈ ನೋಡ್ರಿ. ನಾ ನಿಂತ್ರ ನಿಲ್ರಿ, ಹೊಂಟ್ರ ಹೊಂಡ್ರಿ."

ಅವರು ಧಾರವಾಡದವರ ಕಡೆ ನೋಡಿ ತಲೆ ಕೊಡವಿದರು. ಪತ್ರಿಕೆಯಲ್ಲಿ ಯಾರ ಹೆಸರೂ ಬೇಡ ಎಂದಾಗ ಇನ್ನೂ ಗಲಿಬಿಲಿಗೊಂಡರು. ಕಡೆಗೆ "ಪಿಯಾನೊ ಮತ್ತು ತಂತಿವಾದ್ಯಗಳಿಗೆ ಒಂದು ರೊಂಡೊ, ಗುಳೇದಗುಡ್ಡದ ಒಂದು ಮನೆಯ ಮಟ್ಟು" ಎಂದು ಅಚ್ಚಾಯಿತು.

ಆ ದಿನ ಸಭಾಗೃಹದಲ್ಲಿ ಎಂಬತ್ತು ಜನರಿದ್ದರೇನೋ. ಅಕ್ಕ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ ಕುಳಿತಿದ್ದಳು. ನಾನು ಎದ್ದು ನಿಂತು, ಈ ಮಟ್ಟು ನನ್ನದಲ್ಲ, ಇಲ್ಲೇ ಕುಳಿತಿರುವ ನನ್ನ ಅಕ್ಕನದು ಎಂದೆ. ಇದು ನನ್ನದು ಎಂದು ಅವಳು ಸಂತೋಷದಿಂದ ಹೇಳಿದಾಗ ನಾನು ಹೀಗೆ ಅಂದಿದ್ದೆ ಎಂದು ಹೇಳಿ, ಆ ಮಾತನ್ನು ಪೂರ್ತಿ ಆಡಿದೆ. ರಾಟಿ, ಕಿರಿಕಿರಿ, ಎಣ್ಣೆ, ಎಲ್ಲ.

ಜನ ನಕ್ಕುಬಿಟ್ಟರು.

ಐವತ್ತು ವರ್ಷಗಳ ಮೇಲೂ ಆ ಮಾತಿಗೆ ನಗಿಸುವ ಶಕ್ತಿ ಇತ್ತು. ನಗೆ ಅಡಗಲೆಂದು ಕಾದು, "ಅದು ಸುಳ್ಳು. ನನ್ನ ಮಾನ ಉಳಿಸ್ಕೊಳ್ಳಾಕ ಆಕಿ ಬಾಯಿ ಮುಚ್ಚಿಸಿದ್ನಿ," ಎಂದೆ. ಈಗ ಯಾರೂ ನಗಲಿಲ್ಲ. ಏನು ನಡೆಯುತ್ತಿದೆ ಎಂದು ಬಹಳ ಮಂದಿಗೆ ತಿಳಿದಂತೆಯೂ ಕಾಣಲಿಲ್ಲ. ಅಕ್ಕನ ಮುಖ ನೋಡುವ ಧೈರ್ಯವಾಗದೆ ಪಿಯಾನೊ ಮುಂದೆ ಕುಳಿತೆ.

ಬಾರಿಸಿದೆವು. ಕಂಬಳಿ ತುಂಡಿನ ಗೊಗ್ಗರು ದನಿಯ ಸುತ್ತ ಪಿಟೀಲುಗಳು ಹರಿದವು. ನಡುವಿನ ಭಾಗ ಬಂದಾಗ, ಎದೆ ಸೆಟೆಸಿ ಓಣಿಯಲ್ಲಿ ಹೋಗುವ ಒಬ್ಬ ಹುಡುಗ ಕಣ್ಣಿಗೆ ಕಟ್ಟಿ ಮುಖ ಬಿಸಿಯಾಯಿತು. ಕೊನೆಗೆ ಎಲ್ಲ ಸುಮ್ಮನಾದವು. ಮಟ್ಟು ಒಂಟಿಯಾಗಿ ಬಂತು. ಮೂರನೆಯ ಸಾಲು ಏರಿತು. ನಿಲ್ಲಬೇಕೋ ಹೋಗಬೇಕೋ ಆಗಲೂ ತೀರ್ಮಾನಿಸಿರಲಿಲ್ಲ. ಕೈ ತಾನಾಗಿ ನಿಂತಿತು. ನನ್ನ ಜೊತೆ ಇಳಿಯಲು ಎತ್ತಿದ್ದ ನಾಲ್ಕೂ ಕಮಾನುಗಳು ಗಾಳಿಯಲ್ಲಿ ನಿಂತವು. ಮುಂದೆ ಯಾವ ಸ್ವರ ಎಂಬುದು ನನ್ನ ತಲೆಯಿಂದ ಹೋಗಿಯೇಬಿಟ್ಟಿತ್ತು. ಮೇಡಂ ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಮುಂದಿನ ಸಾಲಿನ ಕಡೆ ತಿರುಗಿದೆ. ಅಕ್ಕ ಎಳೆ ಹಿಡಿದವಳಂತೆ ಎಡಗೈ ಎತ್ತಿದ್ದಳು; ಬಲಗೈ ಮಡಿಲ ಮೇಲೆ ತಡೆದು ನಿಂತಿತ್ತು. ಆ ಬಲಗೈ ಮೆಲ್ಲಗೆ ತಿರುಗಿತು. ನಾನು ನಾಲ್ಕನೆಯ ಸಾಲಿಗೆ ಇಳಿದೆ.

ಮುಗಿದ ಮೇಲೆ ಜನ ಬಂದು ಏನೇನೋ ಹೇಳಿದರು. ಧಾರವಾಡದ ಚೆಲ್ಲೊದವರು, ಆ ಕಡೆಯ ನಿಲುಗಡೆ ಅದ್ಭುತ ಎಂದರು. ನಾನು ಅಕ್ಕನ ಹತ್ತಿರ ಹೋಗಿ ನಿಂತೆ.

"ಪೂರಾ ಅಂದ್ನಿಲ್ಲಕ್ಕಾ?"

"ಅಂದಿ." ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಪಿಯಾನೊ ಕಡೆ ಗದ್ದ ತೋರಿಸಿ, "ಅದಕ್ಕೂ ಒಂದೀಟು ಎಣ್ಣಿ ಬಿಡಸು," ಎಂದಳು.

ನನ್ನ ಹೆಂಡತಿ ಜೋರಾಗಿ ನಕ್ಕಳು. ಅಕ್ಕನೂ ನಕ್ಕಳು. ಆ ನಗೆ ಕ್ಷಮೆಯದೋ, ನನಗೆ ತಿರುಗಿಸಿ ಕೊಟ್ಟದ್ದೋ, ತಿಳಿಯಲಿಲ್ಲ.

ಬಿಸಿಲು ಇರುವಾಗಲೇ ಅವಳನ್ನು ಹುನಗುಂದದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಕುಳಿತಳು. ನಾನು ಕೆಳಗೆ ನಿಂತಿದ್ದೆ. ಚಾಲಕ ಎಂಜಿನ್ ಶುರು ಮಾಡಿದ. ಇಡೀ ಬಸ್ಸು ಅದುರತೊಡಗಿತು. ಅವಳು ಎದುರಿನ ಸೀಟಿನ ಬೆನ್ನನ್ನು ನೋಡುತ್ತಿದ್ದಳು, ಬಾಯಿ ಮುಚ್ಚಿತ್ತು. ಗಂಟಲ ಹತ್ತಿರ ಏನೋ ಅಲುಗಿದಂತೆ ಕಂಡಿತು. ಬಸ್ಸಿನ ಅದುರಿಗೋ, ಬೇರೆ ಯಾವುದಕ್ಕೋ. ನಾನು ಕಿಟಕಿಯ ಸರಳಿಗೆ ಕಿವಿ ಹಚ್ಚಿದೆ.

"ಏ ಅಜ್ಜಾ, ಸರೀರಿ ಅತ್ತಾಗ!" ಎಂದು ಕಂಡಕ್ಟರ್ ಕೂಗಿ ಸೀಟಿ ಊದಿದ.